ಬಿಕಾಂ ಮೊದಲ ವರ್ಷ ಮತ್ತು ‘ಸ್ಕೋರಿಂಗ್ ಸಬ್ಜೆಕ್ಟ್’ ಎಂಬ ಮಾಯೆ

ಪಿಯುಸಿ ರಿಸಲ್ಟ್ ಬಂದ ಮಾರನೇ ದಿನದಿಂದ ಕಾಮರ್ಸ್ ಓದಿದ ಮಕ್ಕಳಿರೋ ಮನೆಗಳಲ್ಲಿ ಒಂದೇ ಪ್ರಶ್ನೆ. "ಬಿಕಾಂಗೆ ಸೇರಿಸ್ತಾ ಇದೀವಿ, ಏನು ತಗೊಂಡ್ರೆ ಸ್ಕೋರಿಂಗು?" ಮಗು ಮುಂದೆ ಏನು ಮಾಡಬೇಕು ಅಂತಿದೆ ಅನ್ನೋದನ್ನ ಕೇಳೋರು ಕಮ್ಮಿ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಮೊದಲ ವರ್ಷದಲ್ಲಿ ನೋಡಬೇಕಾದ್ದು ಯಾವ ವಿಷಯ ಬೇಗ ಹಳಸೋದಿಲ್ಲ ಅನ್ನೋದನ್ನ. ಅಂಕದ ಮಾತು ಆಮೇಲೆ.

ಅಸಲಿಗೆ ನಮ್ಮ ಕೈಯಲ್ಲಿ ಆಯ್ಕೆ ಎಷ್ಟಿದೆ? ಕರ್ನಾಟಕದಲ್ಲಿ 2021-22ರಿಂದ ಹೊಸ ಶಿಕ್ಷಣ ನೀತಿ ಬಂತು, ನಾಲ್ಕು ವರ್ಷದ ಆನರ್ಸ್, ಓಪನ್ ಎಲೆಕ್ಟಿವ್ ಅಂತೆಲ್ಲ ಆಯ್ತು. 2024-25ರಿಂದ ರಾಜ್ಯ ಸರ್ಕಾರ ಮತ್ತೆ ಮೂರು ವರ್ಷದ ಡಿಗ್ರಿಗೇ ವಾಪಸ್ ಬಂತು. ಹಾಗಾಗಿ ಅಣ್ಣ ಓದಿದ ಪಟ್ಟಿ ಹಿಡ್ಕೊಂಡು ತಂಗಿಗೆ ಸಲಹೆ ಕೊಡೋ ಹಾಗಿಲ್ಲ. ಅಕೌಂಟಿಂಗ್, ಮ್ಯಾನೇಜ್‌ಮೆಂಟ್ ಥರದವು ಎಲ್ಲರಿಗೂ ಕಡ್ಡಾಯ. ನಾವು ಆರಿಸೋದು ಭಾಷೆಗಳನ್ನ, ಕಾಲೇಜು ಕೊಟ್ಟರೆ ಒಂದೋ ಎರಡೋ ಐಚ್ಛಿಕ ವಿಷಯವನ್ನ, ಜೊತೆಗೆ ಮಾಮೂಲಿ ಬಿಕಾಂ ಸಾಕೋ ಅಥವಾ ‘ಇಂಟಿಗ್ರೇಟೆಡ್’ ಬಿಕಾಂ ಬೇಕೋ ಅನ್ನೋದನ್ನ. ಇಷ್ಟರಲ್ಲೇ ಬಹಳಷ್ಟು ಜನ ಎಡವೋದು.

ಹಳಸೋದು ಅಂದೆನಲ್ಲ, ಅದಕ್ಕೆ ಉದಾಹರಣೆ ಬೇಕಾದಷ್ಟಿವೆ. ಸೇಲ್ಸ್ ಟ್ಯಾಕ್ಸ್ ಅರೆದು ಕುಡಿದವರು 2005ರ ಏಪ್ರಿಲ್‌ನಲ್ಲಿ ವ್ಯಾಟ್ ಕಲೀಬೇಕಾಯ್ತು. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂದು ಅದನ್ನೂ ಮೂಲೆಗೆ ಹಾಕ್ತು. 1956ರ ಕಂಪನಿ ಕಾಯ್ದೆಯ ಜಾಗಕ್ಕೆ 2013ರದ್ದು ಬಂತು. 1961ರ ಆದಾಯ ತೆರಿಗೆ ಕಾಯ್ದೆಯ ಜಾಗಕ್ಕೆ 2025ರ ಕಾಯ್ದೆ, 2026ರ ಏಪ್ರಿಲ್ 1ರಿಂದ. ಸೆಕ್ಷನ್ ನಂಬರ್ ಉರು ಹೊಡೆದಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ! ಆದ್ರೆ ಡಬಲ್ ಎಂಟ್ರಿ ನೋಡಿ. ಇಟಲಿಯ ಲೂಕಾ ಪಾಚಿಯೋಲಿ ಅದನ್ನ 1494ರಲ್ಲಿ ಪುಸ್ತಕದಲ್ಲಿ ಅಚ್ಚು ಹಾಕಿಸಿದ. ಇವತ್ತು ಟ್ಯಾಲಿ ಒಳಗೆ ಕೂತಿರೋದೂ ಅದೇ ಡೆಬಿಟ್ಟು, ಅದೇ ಕ್ರೆಡಿಟ್ಟು. ಮೊದಲ ಸೆಮಿಸ್ಟರಿನ ಫೈನಾನ್ಷಿಯಲ್ ಅಕೌಂಟಿಂಗ್‌ನ "ಪಿಯುಸಿಯಲ್ಲೇ ಆಗಿದೆ ಬಿಡು" ಅಂತ ಉಡಾಫೆ ಮಾಡೋ ಹುಡುಗರನ್ನ ಕಂಡ್ರೆ ನನಗೆ ಸಂಕಟ ಆಗೋದು ಇದಕ್ಕೇ.

ಎರಡನೇದು ಲೆಕ್ಕ, ಸ್ಟಾಟಿಸ್ಟಿಕ್ಸ್. ಪಿಯುಸಿಯಲ್ಲಿ ಹಿಸ್ಟರಿ, ಎಕನಾಮಿಕ್ಸ್, ಬಿಸಿನೆಸ್ ಸ್ಟಡೀಸ್, ಅಕೌಂಟೆನ್ಸಿ ತಗೊಂಡವರಲ್ಲಿ ಅನೇಕರು ಲೆಕ್ಕಕ್ಕೆ ಹೆದರಿ ಅಲ್ಲಿಗೆ ಬಂದವರು. ನಮ್ಮ ಪಕ್ಕದ ಬೀದಿಯ ಹುಡುಗಿಯೂ ಹಾಗೇ. ಸಿಎ ಮಾಡಬೇಕು ಅಂತ ಅವಳ ಆಸೆ. "ನಿನಗ್ಯಾಕಮ್ಮಾ ಆ ತಲೆನೋವು, ಲೆಕ್ಕ ಇಲ್ಲದ್ದು ತಗೋ" ಅಂತ ಅವರಪ್ಪನ ಪ್ರೀತಿಯ ಸಲಹೆ. ಪ್ರೀತಿ ಹೌದು, ಆದ್ರೆ ಆ ಸಲಹೆ ಕೇಳಿದ್ರೆ ಅವಳ ಆಸೆಗೆ ಅಲ್ಲೇ ಕಲ್ಲು ಬೀಳುತ್ತೆ. ಸಿಎ ಫೌಂಡೇಶನ್‌ನಲ್ಲಿ ನಾಲ್ಕು ಪೇಪರು. ಅದರಲ್ಲಿ ಒಂದು ಪೂರ್ತಿ ನೂರು ಅಂಕಕ್ಕೆ ಲೆಕ್ಕ, ಲಾಜಿಕ್ಕು, ಸ್ಟಾಟಿಸ್ಟಿಕ್ಸ್. ತಪ್ಪು ಉತ್ತರಕ್ಕೆ ಕಾಲು ಅಂಕ ಕಟ್. ಪ್ರತಿ ಪೇಪರಲ್ಲೂ 40, ಒಟ್ಟಾರೆ ಶೇ. 50 ಬರಲೇಬೇಕು, ಒಂದನ್ನ ಬಿಟ್ಟು ದಾಟೋ ದಾರಿ ಇಲ್ಲ. ಶೇ. 55 ತಗೊಂಡು ಬಿಕಾಂ ಮುಗಿಸಿದ್ರೆ ಫೌಂಡೇಶನ್ ಇಲ್ಲದೇ ನೇರ ಇಂಟರ್‌ಗೆ ಹೋಗಬಹುದು, ನಿಜ. ಆದ್ರೆ ಅಲ್ಲಿ ಫೈನಾನ್ಷಿಯಲ್ ಮ್ಯಾನೇಜ್‌ಮೆಂಟ್ ಕಾಯ್ತಾ ಇರುತ್ತೆ :-) ಬ್ಯಾಂಕ್ ಪರೀಕ್ಷೆ ಬರೆದ್ರೂ ಅಷ್ಟೇ, ಎಂಬಿಎ ಪ್ರವೇಶಕ್ಕೆ ಹೋದ್ರೂ ಅಷ್ಟೇ.

ಹಾಗಂತ ಬಿಕಾಂನ ಲೆಕ್ಕ ಇಂಜಿನಿಯರಿಂಗ್ ಲೆಕ್ಕ ಅಲ್ಲ. ಶೇಕಡಾ, ಅನುಪಾತ, ಚಕ್ರಬಡ್ಡಿ, ಸರಾಸರಿ, ಸ್ಟ್ಯಾಂಡರ್ಡ್ ಡೀವಿಯೇಶನ್... ದಿನಾ ಅರ್ಧ ಗಂಟೆ ಕೂತ್ರೆ ಬರುವಂಥದ್ದು. ಮೊದಲ ವರ್ಷ ಇನ್ನೂ ಪುರುಸೊತ್ತು ಇರುತ್ತೆ, ಭಯ ಬಿಡಿಸಿಕೊಳ್ಳೋಕೆ ಅದೇ ಸಮಯ.

ಇನ್ನು ಭಾಷೆ. "ಸಂಸ್ಕೃತ ತಗೋ, ತೊಂಬತ್ತು ಗ್ಯಾರಂಟಿ" ಅನ್ನೋದು ನಮ್ಮಲ್ಲಿ ಹಳೇ ಮಂತ್ರ. ಸಂಸ್ಕೃತದಲ್ಲಿ ನಿಜವಾದ ಆಸಕ್ತಿ ಇದ್ರೆ ಖಂಡಿತ ತಗೊಳ್ಳಿ, ಸಂತೋಷ. ಬರೀ ಅಂಕಕ್ಕಾದ್ರೆ ಯೋಚನೆ ಮಾಡಿ. ನಾಳೆ ಆಡಿಟರ್ ಆಫೀಸಿಗೆ ಬರೋದು ಎಪಿಎಂಸಿಯ ಮಂಡಿ ಸಾಹುಕಾರರು, ಹಾರ್ಡ್‌ವೇರ್ ಅಂಗಡಿಯವರು. ತೆರಿಗೆ ನೋಟಿಸಿನಲ್ಲಿ ಏನಿದೆ ಅಂತ ಅವರಿಗೆ ಕನ್ನಡದಲ್ಲಿ ಬಿಡಿಸಿ ಹೇಳಬೇಕು, ಅದಕ್ಕೆ ಉತ್ತರ ಇಂಗ್ಲಿಷಿನಲ್ಲಿ ಬರೀಬೇಕು. ಎರಡೂ ಬರೋ ಹುಡುಗರು ಸಿಗೋದು ಕಷ್ಟ. ಕನ್ನಡ ಮೀಡಿಯಮ್ಮಿಂದ ಬಂದವರು ಇಂಗ್ಲಿಷ್ ಪೇಪರನ್ನ ಪಾಸಾದ್ರೆ ಸಾಕು ಅಂತ ಬಿಡಬಾರದು. ಬೆಂಗಳೂರಿನ ಇಂಗ್ಲಿಷ್ ಮೀಡಿಯಂ ಮಕ್ಕಳು ಕನ್ನಡವನ್ನ ಬಿಡಬಾರದು.

ಇಂಟಿಗ್ರೇಟೆಡ್ ಕೋರ್ಸುಗಳ ಬಗ್ಗೆ ಎರಡೇ ಮಾತು. ಎಸಿಸಿಎ ಜೊತೆಗಿನ ಬಿಕಾಂ ಈಗ ಬೆಂಗಳೂರಲ್ಲಿ ಜೋರು, ಫೀಸೂ ಜೋರು. ಎಸಿಸಿಎ ಬ್ರಿಟನ್ನಿನ ಸಂಸ್ಥೆ, ಬಹುರಾಷ್ಟ್ರೀಯ ಕಂಪನಿಗಳಲ್ಲಿ ಅದಕ್ಕೆ ಬೆಲೆ ಇದೆ. ಆದ್ರೆ ಭಾರತದ ಕಂಪನಿಯ ಶಾಸನಬದ್ಧ ಆಡಿಟ್‌ಗೆ ಸಹಿ ಹಾಕೋಕೆ ನಮ್ಮ ಚಾರ್ಟರ್ಡ್ ಅಕೌಂಟೆಂಟ್ಸ್ ಸಂಸ್ಥೆಯ ಸದಸ್ಯರೇ ಆಗಿರಬೇಕು. ಸ್ವಂತ ಊರಲ್ಲಿ ಬೋರ್ಡ್ ಹಾಕ್ಕೊಂಡು ಪ್ರಾಕ್ಟೀಸ್ ಮಾಡೋ ಕನಸಿದ್ರೆ ಸಾಲ ಮಾಡೋಕೆ ಮುಂಚೆ ಇದನ್ನ ತಿಳ್ಕೊಳ್ಳಿ.

"ಅಂಕ ಬೇಡವಾ ಹಾಗಾದ್ರೆ?" ಅಂತ ಕೇಳಬಹುದು. ಬೇಕು, ಮೇಲೆ ಹೇಳಿದ ಶೇ. 55ಕ್ಕಾದ್ರೂ ಬೇಕು. ಸಂಜೆ ಕೆಲಸಕ್ಕೆ ಹೋಗಿ ಓದೋ ಮಕ್ಕಳು ಒಂದು ಸುಲಭದ ಪೇಪರ್ ಇಟ್ಟುಕೊಂಡ್ರೆ ನಾನಂತೂ ತಪ್ಪು ಅನ್ನಲ್ಲ. ಆದ್ರೆ ಎಲ್ಲವನ್ನೂ ಸುಲಭ ಅಂತಲೇ ಆರಿಸಿದ್ರೆ ಮೂರು ವರ್ಷದ ನಂತರ ಕೈಯಲ್ಲಿ ಮಾರ್ಕ್ಸ್ ಕಾರ್ಡ್ ಇರುತ್ತೆ, ಕಸುಬು ಇರಲ್ಲ.

ಅಡ್ಮಿಷನ್ ಕೌಂಟರಿನಲ್ಲಿ ಮೂರು ಪ್ರಶ್ನೆ ಕೇಳಿ. ಆರೂ ಸೆಮಿಸ್ಟರಿನ ವಿಷಯಗಳ ಪಟ್ಟಿ ಎಲ್ಲಿ? ಲೆಕ್ಕ ಇಲ್ಲದೇ ಬಂದವರಿಗೆ ಬ್ರಿಡ್ಜ್ ಕ್ಲಾಸ್ ಉಂಟಾ? ಭಾಷೆ ಬದಲಾಯಿಸಬೇಕು ಅಂದ್ರೆ ಕೊನೇ ದಿನ ಯಾವತ್ತು? ಹಾಗೇ ಫಾರಂ ತುಂಬೋವಾಗ ಪೆನ್ನು ಮಗುವಿನ ಕೈಯಲ್ಲೇ ಇರಲಿ. ಏನಂತೀರಿ?