ಮನೆಯ ಗಾಳಿಯೂ ಹಾಸಿಗೆಯ ಧೂಳೂ

ಮನೆಯಲ್ಲಿ ಒಬ್ಬರಿಗೆ ಬೆಳಗಾಗುತ್ತಲೇ ಸಾಲುಸಾಲಾಗಿ ಸೀನು ಬರತೊಡಗಿದರೆ, ಮೂಗು ಸೋರಿ ಕಣ್ಣು ಕೆಂಪಾದರೆ, ಉಳಿದವರೆಲ್ಲರೂ ಕಿಟಕಿಯ ಆಚೆಗೆ ಬೆರಳು ತೋರಿಸುವುದು ವಾಡಿಕೆ. ಬೀದಿಯ ಗುಲ್‌ಮೊಹರ್ ಹೂ ಬಿಟ್ಟಿದೆ, ಅದರ ಪರಾಗವೇ ಇದಕ್ಕೆಲ್ಲ ಕಾರಣ, ಮರವನ್ನು ಕಡಿಸಿಬಿಡಬೇಕು ಎನ್ನುವವರೂ ಉಂಟು. ಹಣವುಳ್ಳವರು ಕಿಟಕಿಗಳನ್ನು ಭದ್ರವಾಗಿ ಮುಚ್ಚಿ, ಗಾಳಿಯನ್ನು ಶುದ್ಧಿಮಾಡುವ ಯಂತ್ರವೊಂದನ್ನು ಕೊಂಡು ತರುತ್ತಾರೆ. ಈ ಎರಡು ಉಪಾಯಗಳಲ್ಲಿಯೂ ಶತ್ರುವನ್ನು ಅವನಿಲ್ಲದ ಕಡೆ ಹುಡುಕಲಾಗುತ್ತಿದೆಯೆಂಬುದು ನಮ್ಮ ಅಭಿಪ್ರಾಯ.

ಮೊದಲು ಮರದ ಮೇಲಿನ ಆಪಾದನೆಯನ್ನು ವಿಚಾರಿಸೋಣ. ಕಣ್ಣಿಗೆ ಅಂದವಾಗಿ ಕಾಣುವ ದೊಡ್ಡ ಹೂಗಳು ಸಾಮಾನ್ಯವಾಗಿ ಕೀಟಗಳನ್ನೋ ಪಕ್ಷಿಗಳನ್ನೋ ಕರೆಯಲು ಅರಳಿದವು. ಅವುಗಳ ಪರಾಗ ಭಾರವಾದುದು, ಅಂಟು ಗುಣವುಳ್ಳದ್ದು. ಗಾಳಿಯಲ್ಲಿ ಬಹುದೂರ ಸಾಗಲಾರದು. ತೊಂದರೆ ಕೊಡತಕ್ಕವು ಯಾರೂ ತಿರುಗಿ ನೋಡದ ಹೂಗಳು: ಬಗೆಬಗೆಯ ಹುಲ್ಲುಗಳು, ಗಾಳಿಮರ ಮುಂತಾದವು. ಗಾಳಿಯನ್ನೇ ನಂಬಿದ ಇವು ಹಗುರವಾದ ಒಣ ಪರಾಗವನ್ನು ಅಪಾರವಾಗಿ ತೂರುತ್ತವೆ. ಮ್ಯಾಂಚೆಸ್ಟರಿನ ವೈದ್ಯ ಚಾರ್ಲ್ಸ್ ಬ್ಲ್ಯಾಕ್ಲಿ ಎಂಬಾತ, ತಾನೇ ಈ ಸೀನಿನ ರೋಗದಿಂದ ಬಳಲುತ್ತಿದ್ದವನು, ಅಂಟು ಬಳಿದ ಗಾಜಿನ ತುಂಡುಗಳನ್ನು ಬಯಲಿನಲ್ಲಿಟ್ಟು, ಗಾಳಿಪಟಗಳಿಗೆ ಕಟ್ಟಿ ಮೇಲಕ್ಕೇರಿಸಿ, ಅವುಗಳ ಮೇಲೆ ಬಿದ್ದ ಪರಾಗದ ಕಣಗಳನ್ನು ಸೂಕ್ಷ್ಮದರ್ಶಕದಲ್ಲಿ ಎಣಿಸಿದನು. 1873ರಲ್ಲಿ ಆತ ಪ್ರಕಟಿಸಿದ ಗ್ರಂಥದಿಂದ ಹುಲ್ಲಿನ ಪರಾಗದ ಪಾತ್ರ ಸ್ಪಷ್ಟವಾಯಿತು. 'ಅಲರ್ಜಿ' ಎಂಬ ಶಬ್ದವೇ ಆಗ ಹುಟ್ಟಿರಲಿಲ್ಲ. ವಿಯೆನ್ನಾದ ಫಾನ್ ಪಿರ್ಕೆ ಅದನ್ನು ಬಳಕೆಗೆ ತಂದುದು 1906ರಲ್ಲಿ.

ನಮ್ಮ ನಾಡಿನಲ್ಲಿ ಇವುಗಳ ಸಾಲಿಗೆ ಸೇರಬೇಕಾದ ಇನ್ನೊಂದು ಗಿಡವೆಂದರೆ ಪಾರ್ಥೇನಿಯಂ. 1950ರ ದಶಕದಿಂದೀಚೆಗೆ ದೇಶದಲ್ಲೆಲ್ಲ ಹಬ್ಬಿದ ಈ ಗಿಡವನ್ನು ಜನ ಕಾಂಗ್ರೆಸ್ ಗಿಡವೆಂದು ಕರೆಯುತ್ತಾರೆ. ಮನೆಯ ಪಕ್ಕದ ಖಾಲಿ ನಿವೇಶನದಲ್ಲಿ ಇದು ಹೂ ಬಿಡುವುದಕ್ಕೆ ಮುಂಚೆಯೇ ಕೈಗೆ ಚೀಲ ತೊಟ್ಟು ಕಿತ್ತುಹಾಕುವುದು ಮರ ಕಡಿಸುವುದಕ್ಕಿಂತ ಎಷ್ಟೋ ಉಪಯುಕ್ತವಾದ ಕೆಲಸ.

ಆದರೆ ವರ್ಷವಿಡೀ ಸೀನುವವರ, ಅದರಲ್ಲಿಯೂ ಹಾಸಿಗೆಯಿಂದ ಏಳುವಾಗಲೇ ಸೀನುವವರ ವಿಷಯದಲ್ಲಿ ಹೂವಿನ ಋತುವನ್ನು ದೂರಿ ಪ್ರಯೋಜನವಿಲ್ಲ. 1964ರಲ್ಲಿ ಹಾಲೆಂಡಿನ ಲೈಡನ್ ನಗರದಲ್ಲಿ ಫೋರ್‌ಹೋರ್ಸ್ಟ್ ಮತ್ತು ಅವರ ಸಂಗಡಿಗರು ಮನೆಯ ಧೂಳನ್ನು ಪರೀಕ್ಷಿಸಿ, ಅದರಲ್ಲಿ ವಾಸಿಸುವ ನುಸಿಯೇ ಮುಖ್ಯ ಅಪರಾಧಿಯೆಂದು ತೋರಿಸಿದರು. ಎಂಟು ಕಾಲುಗಳ ಈ ಜೀವಿಯ ಉದ್ದ ಮಿಲಿಮೀಟರಿನ ಮೂರನೆಯ ಒಂದು ಭಾಗದಷ್ಟು. ನಮ್ಮ ಚರ್ಮದಿಂದ ದಿನವೂ ಉದುರುವ ಹೊಟ್ಟೇ ಅದರ ಆಹಾರ. ಅದು ನೀರು ಕುಡಿಯುವುದಿಲ್ಲ. ಗಾಳಿಯ ತೇವವನ್ನೇ ಹೀರಿ ಬದುಕುತ್ತದೆ. ಗಾಳಿಯ ಆರ್ದ್ರತೆ ಬಹುದಿನ ನೂರಕ್ಕೆ 50ಕ್ಕಿಂತ ಕೆಳಗಿದ್ದರೆ ಒಣಗಿ ಸಾಯುತ್ತದೆ. ನಾವು ಮಲಗಿ ಬೆಚ್ಚಗೆ ಮಾಡಿ, ಬೆವರಿನಿಂದ ತೋಯಿಸುವ ಹಾಸಿಗೆ ದಿಂಬುಗಳಿಗಿಂತ ಅದಕ್ಕೆ ಬೇರೆ ಸ್ವರ್ಗವೆಲ್ಲಿ! ಕರಾವಳಿ ಮಲೆನಾಡುಗಳ ಮಳೆಗಾಲವಂತೂ ಅದರ ಸುಗ್ಗಿಯೇ ಸರಿ.

ಕಾಟ ಕೊಡುವುದು ಹೆಚ್ಚಾಗಿ ನುಸಿಯಲ್ಲ, ಅದರ ಮಲದ ಉಂಡೆಗಳು. ಇವು ಮಿಲಿಮೀಟರಿನ ಐವತ್ತನೆಯ ಒಂದು ಭಾಗದಷ್ಟಿರುತ್ತವೆ. ಭೌತಶಾಸ್ತ್ರದ ವಿದ್ಯಾರ್ಥಿಗಳು ಇಲ್ಲಿ ಸ್ಟೋಕ್ಸನ ನಿಯಮವನ್ನು ನೆನೆಯಬೇಕು. ನಿಶ್ಚಲವಾದ ಗಾಳಿಯಲ್ಲಿ ಸಣ್ಣ ಕಣ ಬೀಳುವ ವೇಗ ಅದರ ತ್ರಿಜ್ಯದ ವರ್ಗವನ್ನು ಅನುಸರಿಸುತ್ತದೆ. ಗಾತ್ರ ಹತ್ತನೆಯ ಒಂದು ಪಾಲಾದರೆ ವೇಗ ನೂರನೆಯ ಒಂದು ಪಾಲಾಗುತ್ತದೆ. ಆದುದರಿಂದ ಹೊಗೆಯ ಕಣ, ಬೆಕ್ಕಿನ ಮೈಯಿಂದ ಬರುವ ಅತಿಸೂಕ್ಷ್ಮ ಕಣ ಇವು ಗಂಟೆಗಟ್ಟಲೆ ತೇಲಿದರೆ, ನುಸಿಯ ಉಂಡೆಗಳು ಕೆಲವೇ ನಿಮಿಷಗಳಲ್ಲಿ ಕೆಳಗಿಳಿಯುತ್ತವೆ. ಮೂಲೆಯಲ್ಲಿ ನಿಂತ ಯಂತ್ರ ತನ್ನ ಬಳಿಗೆ ಬಂದ ಗಾಳಿಯನ್ನು ಸೋಸಬಲ್ಲದೇ ಹೊರತು ಹಾಸಿಗೆಯೊಳಗೆ ಕುಳಿತ ಧೂಳನ್ನು ಕರೆಯಿಸಿಕೊಳ್ಳಲಾರದು. ಅದು ನಿಷ್ಪ್ರಯೋಜಕವೆಂದು ನಾವು ಹೇಳುವುದಿಲ್ಲ. ಹೊಗೆಗೂ ಬೆಕ್ಕಿಗೂ ಅದರಿಂದ ಉಪಯೋಗವುಂಟು. ಆದರೆ ಓಜೋನನ್ನು ಹೊರಡಿಸುವ ಯಂತ್ರಗಳನ್ನು ಮಾತ್ರ ಯಾರೂ ಮನೆಗೆ ತರಬಾರದು. ಆ ಅನಿಲವೇ ಶ್ವಾಸಕೋಶಕ್ಕೆ ಹಾನಿಕರ.

ಕೆಳಗಿಳಿದ ಧೂಳನ್ನು ಮತ್ತೆ ಮೇಲಕ್ಕೆಬ್ಬಿಸುವವರು ನಾವೇ. ಅಂಗಳಕ್ಕೆ ನೀರು ಚಿಮುಕಿಸಿ ಗುಡಿಸುವ ಜಾಣ್ಮೆಯುಳ್ಳ ನಮ್ಮ ಜನ ಮನೆಯೊಳಗೆ ಒಣ ಪೊರಕೆಯನ್ನೇ ಬೀಸುತ್ತಾರೆ. ಎಳೆಬಿಸಿಲಿನ ಕೋಲು ಒಳಗೆ ಬೀಳುವ ಕೋಣೆಯಲ್ಲಿ ಗುಡಿಸುವ ಮುಂಚೆ ಒಮ್ಮೆ, ಗುಡಿಸಿದ ಮೇಲೆ ಒಮ್ಮೆ ನೋಡಿದರೆ ವಾಚಕರಿಗೆ ಬೇರೆ ಪುರಾವೆ ಬೇಡ. ಒದ್ದೆ ಬಟ್ಟೆಯಿಂದ ಒರೆಸುವುದು ಲೇಸು. ಎಷ್ಟೋ ಮನೆಗಳಲ್ಲಿ ಉಬ್ಬಸದ ತಾಯಿಯೇ ಪೊರಕೆ ಹಿಡಿಯುತ್ತಾಳೆಂಬುದನ್ನು ಗಂಡುಮಕ್ಕಳು ಗಮನಿಸಬೇಕು.

ಹಾಸಿಗೆಯನ್ನು ಬಿಸಿಲಿಗೆ ಹಾಕುವುದು ಹಳೆಯ ಪದ್ಧತಿ, ಒಳ್ಳೆಯ ಪದ್ಧತಿ. ಆದರೆ ಅಷ್ಟರಿಂದಲೇ ಮುಗಿಯಲಿಲ್ಲ. ಬಿಸಿಲಿಗೆ ನುಸಿ ಸತ್ತರೂ ಉಂಡೆಗಳು ಉಳಿಯುತ್ತವೆ. ಅಲರ್ಜಿಯಿಲ್ಲದ ಒಬ್ಬರು ಮೂಗಿಗೆ ಬಟ್ಟೆ ಕಟ್ಟಿಕೊಂಡು, ಹೊರಗಡೆಯೇ ಅದನ್ನು ಬಡಿದು ಝಾಡಿಸಬೇಕು. ಹೊದಿಕೆ, ದಿಂಬಿನ ಚೀಲಗಳನ್ನು ವಾರಕ್ಕೊಮ್ಮೆ ಒಗೆಯಬೇಕು. ತಣ್ಣೀರು ಉಂಡೆಗಳನ್ನು ತೊಳೆದೊಯ್ಯುತ್ತದೆ, ನುಸಿಯನ್ನು ಕೊಲ್ಲುವುದಿಲ್ಲ. ಅದಕ್ಕೆ 60 ಡಿಗ್ರಿ ಸೆಲ್ಸಿಯಸ್‌ನಷ್ಟು, ಎಂದರೆ ಕೈ ತಾಳಲಾರದಷ್ಟು, ಬಿಸಿ ಬೇಕು. ಮಡಿವಾಳರು ಬಟ್ಟೆಗಳನ್ನು ಉಬ್ಬೆಗೆ ಹಾಕುತ್ತಿದ್ದ ಕಾಲದಲ್ಲಿ ಇದು ತಾನಾಗಿಯೇ ನಡೆಯುತ್ತಿತ್ತು.

ಯಾವುದಾದರೂ ಒಂದನ್ನು ಮಾತ್ರ ಮಾಡಿ ಫಲ ಕಾಣದೆ ಬೇಸರಗೊಳ್ಳುವುದೂ ಸರಿಯಲ್ಲ. ನುಸಿ ನುಸುಳಲಾಗದ ಹಾಸಿಗೆಯ ಕವಚವೊಂದನ್ನೇ ಕೊಟ್ಟು ಉಬ್ಬಸವುಳ್ಳ ಸಾವಿರಕ್ಕೂ ಮಿಕ್ಕ ವಯಸ್ಕರನ್ನು ಬ್ರಿಟನ್ನಿನಲ್ಲಿ ಪರೀಕ್ಷಿಸಿದಾಗ (2003) ಗುಣವೇನೂ ಕಂಡುಬರಲಿಲ್ಲ. ಮರುವರ್ಷ ಪ್ರಕಟವಾದ ಅಮೆರಿಕದ ಏಳು ನಗರಗಳ ಪರೀಕ್ಷೆಯಲ್ಲಿ ಆಯಾ ಮಗುವಿಗೆ ಒಗ್ಗದುದು ಯಾವುದೆಂದು ಮೊದಲು ತಿಳಿದು, ಹಾಸಿಗೆ, ಜಿರಳೆ, ತಂಬಾಕಿನ ಹೊಗೆ ಇವೆಲ್ಲವನ್ನೂ ಒಟ್ಟಿಗೆ ನೋಡಿಕೊಂಡಾಗ ಉಬ್ಬಸದ ದಿನಗಳು ಕಡಮೆಯಾದವು. ವೈದ್ಯರ ಔಷಧಕ್ಕೆ ಇವು ಸಹಾಯಕವೇ ಹೊರತು ಬದಲಿಯಲ್ಲ. ಉಸಿರಿಗೆ ಎಳೆದುಕೊಳ್ಳುವ ಮದ್ದನ್ನು ಯಾರೂ ತಾವಾಗಿ ಬಿಡಕೂಡದು.

ಕಡೆಯದಾಗಿ ವಿದ್ಯಾರ್ಥಿನಿಲಯಗಳ ವಿಷಯ. ಅಲ್ಲಿ ಒಂದೇ ಹಾಸಿಗೆ ಒಬ್ಬನಿಂದ ಇನ್ನೊಬ್ಬನಿಗೆ ವರ್ಷವರ್ಷವೂ ದಾಟುತ್ತದೆ. ಪರೀಕ್ಷೆಯ ರಾತ್ರಿ ಉಬ್ಬಸದಿಂದ ಎದ್ದು ಕುಳಿತ ಹುಡುಗನಿಗೆ ತಾನು ಯಾವುದರ ಮೇಲೆ ಮಲಗಿದ್ದೆನೆಂಬುದು ಹೊಳೆಯುವುದಿಲ್ಲ. ತಾರಸಿಗೆ ಹೋಗುವ ಬಾಗಿಲಿಗೆ ಸದಾ ಬೀಗ. ಭಾನುವಾರ ಬೆಳಗ್ಗೆ 10ರಿಂದ ಮಧ್ಯಾಹ್ನ 3ರವರೆಗೆ ಆ ಬೀಗವನ್ನು ತೆಗೆದಿಡಬೇಕೆಂದು ಮೇಲ್ವಿಚಾರಕರನ್ನು ಕೇಳಿಕೊಳ್ಳುತ್ತೇವೆ. ಮಳೆಗಾಲದಲ್ಲಿ ಬಿಸಿಲು ಬಂದ ದಿನವನ್ನೇ ಭಾನುವಾರವೆಂದು ಎಣಿಸಿದರಾಯಿತು.