ಬೆಲೆ ಬರೆಯುವವರು ಹೊಲ ನೋಡಿ ಬರೆಯಲಿ

ಬ್ಯಾಂಕಿಗೆ ಅಡಮಾನ ಇಡುವಾಗ, ನಾಲೆಗೋ ರಸ್ತೆಗೋ ಸರ್ಕಾರ ಹೊಲ ತೆಗೆದುಕೊಳ್ಳುವಾಗ ಮೌಲ್ಯಮಾಪನ ವರದಿ ಅಂತ ಒಂದು ಕಾಗದ ತಯಾರಾಗುತ್ತದೆ. ಹೊಲ ನಮ್ಮದು. ಆದರೆ ಅದರಲ್ಲಿ ಏನು ಬರೆದಿದ್ದಾರೆ ಅಂತ ನಮಗೇ ಗೊತ್ತಿರಲ್ಲ.

ನನ್ನ 3 ಎಕರೆಯಲ್ಲಿ 22 ಗುಂಟೆ ನಾಲೆಗೆ ಹೋಯಿತು. ವರದಿಯಲ್ಲಿದ್ದದ್ದು ‘ಖುಷ್ಕಿ, ಮರಗಳಿಲ್ಲ’ ಎಂದು. ಬದುವಿನಲ್ಲಿ 4 ಬೇವು, 2 ಹುಣಸೆ ಇದ್ದವು. ಬರೆದವರು ಯಾವತ್ತು ಬಂದರು, ಯಾರ ಜೊತೆ ನೋಡಿದರು ಎಂಬುದಕ್ಕೆ ಒಂದು ಸಾಲೂ ಇಲ್ಲ. ಅರ್ಜಿ ಹಾಕಿದ್ದೇನೆ. ಮರ ಕಡಿದಾಗಿದೆ, ಇದ್ದವು ಅಂತ ತೋರಿಸುವ ಹೊರೆ ಈಗ ನನ್ನ ಮೇಲೆ!

ಕಂಪನಿಗಳ ಆಸ್ತಿಗೆ ಹೀಗಿಲ್ಲ. ಕಂಪನಿ ಕಾಯ್ದೆಯ ಕೆಳಗೆ 2017ರಲ್ಲಿ ಮೌಲ್ಯಮಾಪಕರಿಗೆಂದೇ ನಿಯಮ ಬಂತು. ಯಾತಕ್ಕಾಗಿ ಬೆಲೆ ಕಟ್ಟಿದ್ದು, ಯಾವ ದಿನದ ಬೆಲೆ, ಏನೇನು ಪರಿಶೀಲಿಸಿದ್ದು, ಮಾಹಿತಿ ಎಲ್ಲಿಂದ ಬಂತು, ತನ್ನ ಸ್ವಂತ ಹಿತ ಏನಾದರೂ ಅದರಲ್ಲಿದೆಯೇ, ಎಲ್ಲವನ್ನೂ ವರದಿಯಲ್ಲಿ ಹೇಳಬೇಕು. ನಮ್ಮ ಹೊಲದ ಸ್ವಾಧೀನಕ್ಕೆ ಆ ನಿಯಮ ಬರುವುದಿಲ್ಲ. ಕಾರ್ಖಾನೆ ಗೋಡೆಗಿರುವ ಮರ್ಯಾದೆ ಜೋಳ ಬೆಳೆಯುವ ನೆಲಕ್ಕೆ ಬೇಡವೇ?

2013ರ ಭೂಸ್ವಾಧೀನ ಕಾಯ್ದೆಯಲ್ಲಿ ಮರಗಿಡಗಳ ಬೆಲೆಗೆ ಕೃಷಿ, ಅರಣ್ಯ, ತೋಟಗಾರಿಕೆ ಬಲ್ಲವರ ನೆರವು ಪಡೆಯುವ ಮಾತಿದೆ. ನೆಲದ ಬೆಲೆಗೆ, ಹತ್ತಿರದ ಅಂಥದೇ ನೆಲ ಹಿಂದಿನ 3 ವರ್ಷದಲ್ಲಿ ಮಾರಾಟವಾದ ಕ್ರಯಪತ್ರ ನೋಡುತ್ತಾರೆ. ಆದರೆ ‘ಅಂಥದೇ ನೆಲ’ ಯಾವುದು? ಎರೆ ಹೊಲವೂ ಖುಷ್ಕಿ, ಗರಸು ಹೊಲವೂ ಖುಷ್ಕಿ. ಒಂದು ಮಳೆಗೆ ಹದಿನೈದು ದಿನ ಹಸಿ ಹಿಡಿಯುವ ನೆಲವೂ ಮೂರು ದಿನಕ್ಕೆ ಒಣಗುವ ನೆಲವೂ ಒಂದೇನು? ಒಂದು ಗುಂಡಿ ತೋಡಿ ನೋಡದೆ ಇದು ತಿಳಿಯುವುದಿಲ್ಲ.

ಪರಿಹಾರದ ಮೊತ್ತಕ್ಕೆ ಅಷ್ಟೇ ಮೊತ್ತ, ಅಂದರೆ ಶೇ. 100 ಸೊಲೇಶಿಯಂ ಸೇರುತ್ತದೆ. ಹಾಗಾಗಿ ವರದಿಯಲ್ಲಿ ಬಿಟ್ಟ ಒಂದು ರೂಪಾಯಿ ನಮಗೆ ಎರಡು ರೂಪಾಯಿ ನಷ್ಟ.

ಆದ್ದರಿಂದ ನಮ್ಮ ಬೇಡಿಕೆ ಇಷ್ಟೇ. ವರದಿ ಕನ್ನಡದಲ್ಲಿರಲಿ. ಹೊಲಕ್ಕೆ ಬಂದ ದಿನ, ಜೊತೆಗಿದ್ದವರ ಹೆಸರು, ಮಣ್ಣಿನ ಬಗೆ ಮತ್ತು ಆಳ, ಜಾತಿವಾರು ಮರಗಳ ಲೆಕ್ಕ, ಬಾವಿ, ಒಡ್ಡು, ಹೋಲಿಸಿ ನೋಡಿದ ಕ್ರಯಪತ್ರದ ನಂಬರು ಅದರಲ್ಲಿರಲಿ. ಹಣ ನಿಗದಿಯಾಗುವ ಮೊದಲೇ ಒಂದು ಪ್ರತಿ ಹೊಲದವನ ಕೈಗೆ ಬರಲಿ.

ಅಲ್ಲಿಯವರೆಗೆ ನಾವೂ ಸುಮ್ಮನಿರಬಾರದು. ಮರ, ಬಾವಿ, ಒಡ್ಡುಗಳ ಫೋಟೋ ತೆಗೆದಿಡಿ, ಪಹಣಿ ತಿದ್ದಿಸಿಡಿ. ಮಹಜರು ಓದಿಸಿ ಕೇಳದೆ ರುಜು ಹಾಕಬೇಡಿ. ಐತೀರ್ಪಿನ ದಿನ ಹಾಜರಿದ್ದವರಿಗೆ ತಕರಾರು ಹಾಕಲು 6 ವಾರ ಮಾತ್ರ ಸಮಯ, ನೆನಪಿರಲಿ.