ತಾಯಿ ಹಾಲಿಗೆ ಹೆಸರಿಡಬ್ಯಾಡ್ರಿ

ಮೊನ್ನೆ ಅರಿಷಿಣ-ಕುಂಕುಮಕ್ಕ ಹೋದಾಗ ಬಾಜೂಮನಿ ವೈನಿ ಕೇಳಿದ್ರು, "ಮೊಮ್ಮಗಳು ರಾತ್ರಿ ಛಲೋ ಮಲಗ್ತಾಳೇನ್ರಿ?" ಇಲ್ರಿ, ಎರಡು ಸಲ ಏಳ್ತಾಳ ಅಂದೆ. "ಹಂಗಾರ ಹಾಲು ಸಾಲವಲ್ದು. ಮಲಗಸೋ ಮುಂದ ಒಂದು ಬಟ್ಟಲ ರಾಗಿ ಸರಿ ಗಟ್ಟಿಯಾಗಿ ತಿನಸ್ರಿ, ಬೆಳತನಕ ಕಣ್ಣು ತಗಿಯೂದಿಲ್ಲ" ಅಂದ್ರು. ವೈನಿ, ತಪ್ಪು ತಿಳ್ಕೋಬ್ಯಾಡ್ರಿ. ಅಲ್ಲಿ ಎಲ್ಲಾರ ಮುಂದ ಸುಮ್ಮನಿದ್ದೆ, ಇಲ್ಲಿ ಹೇಳ್ತೀನಿ.

ಈ ಮಾತು ನಾನೂ ನಂಬಿದಾಕಿನ. ನನ್ನ ಮಗಾ ಹುಟ್ಟಿದ್ದು 1993ರಾಗ. ನಾಲ್ಕನೇ ತಿಂಗಳಿಗೇ ಅವಂಗ ಸರಿ ಸುರು ಆತು. ರಾತ್ರಿ ಎಂಟಕ್ಕ ಕಾಲ ಮ್ಯಾಲೆ ಮಲಗಿಸಿಕೊಂಡು ಒಳಲೆಯಿಂದ ಬಾಯಾಗ ಹಾಕೋದು, ತಲಿ ತಿರುಗಿಸಿದ್ರ ಗಲ್ಲ ಹಿಡಿದು ಹಾಕೋದು. ಒಂದಿನ ಕೆಮ್ಮಿ ಕೆಮ್ಮಿ ಮಾರಿ ಕೆಂಪಾತು, ಮೂಗಿನಾಗೂ ಸರಿ ಬಂತು. ಆ ಹೆದರಿಕಿ ಇವತ್ತಿಗೂ ಹೋಗಿಲ್ಲ. ಅಷ್ಟು ಮಾಡಿದ್ರೂ ಮಲಗಿದ್ನೇನು? ಹೊಟ್ಟಿ ಉಬ್ಬಿ ರಾತ್ರಿ ಎರಡರ ತನಕ ಅಳ್ತಿದ್ದ. ಹೆಗಲ ಮ್ಯಾಲೆ ಹಾಕ್ಕೊಂಡು ಪಡಸಾಲ್ಯಾಗ ಅಡ್ಡಾಡೂದು ನಾನು, "ಆಕಿಗೆ ಹಾಲಿಲ್ಲ" ಅನ್ನಿಸಿಕೊಳ್ಳೂದೂ ನಾನು.

ಇಷ್ಟೆಲ್ಲಾ ಅನುಭವಿಸಿದಾಕಿ, ಹೋದ ತಿಂಗಳ ಒಂದು ರಾತ್ರಿ ನನ್ನ ಸೊಸಿಗೆ ಅದೇ ಮಾತು ಅಂದುಬಿಟ್ಟೆ. ಬಾಯಿಂದ ಹೆಂಗ ಬಂತೋ. ಆಕಿ ತಿರುಗಿ ಏನೂ ಅನ್ನಲಿಲ್ಲ. ಮುಂಜಾನೆ ಚಹಾ ಕೊಡೋ ಮುಂದ ನೋಡಿದ್ರ ಕಣ್ಣು ಬಾತಿದ್ದವು.

ಕೂಸಿನ ತೂಕ ಬರೋಬ್ಬರಿ ಏರಲಿಕ್ಕತ್ತದ, ಅರಿವಿ ಮ್ಯಾಲಿಂದ ಮ್ಯಾಲೆ ತೋಯಿಸ್ತದ, ಹಗಲ ನಕ್ಕೋತ ಆಡ್ತದ. ಹಾಲು ಸಾಲವಲ್ದು ಅಂತ ಹೆಂಗ ಅನ್ನೂದು? ಏಳು ತಿಂಗಳ ಕೂಸು ರಾತ್ರಿ ಏಳಲಿಕ್ಕೆ ಹಸಿವಿ ಒಂದೇ ಕಾರಣ ಅಲ್ಲ. ಹಲ್ಲು ಬರೂದು, ಮೂಗು ಕಟ್ಟೂದು, ಸೆಕಿ, ಅವ್ವ ಬಾಜೂಕ ಇದ್ದಾಳೋ ಇಲ್ಲೋ ಅನ್ನೋ ಹುಡುಕಾಟ, ಎಲ್ಲಾ ಇರ್ತಾವ. ಆರು ತಿಂಗಳ ತುಂಬಿದ ಮ್ಯಾಲೆ ಊಟ ಸುರು ಮಾಡೂದು ಹಾಲು ಕೆಟ್ಟದ್ದಂತ ಅಲ್ಲ. ಆವಾಗ ಕೂಸಿಗೆ ಕಬ್ಬಿಣದಂಶ ಹೆಚ್ಚು ಬೇಕು, ಬರೇ ಹಾಲಿನಾಗ ಅದು ಸಾಲೂದಿಲ್ಲ. ಹಾಲಂತೂ ಎರಡು ವರ್ಷದ ತನಕ ಕುಡಸಬಹುದು.

ಈಗ ನಮ್ಮ ಮನ್ಯಾಗ ಊಟ ಎಲ್ಲಾ ಹಗಲಿಗೇ. ಎರದ ಮ್ಯಾಲೆ ಒಂದೂವರಿ ತಾಸು ಮಲಗ್ತಾಳ. ಎದ್ದು ಮಾರಿ ಅರಳಿದಾಗ ರಾಗಿ ಸರಿ, ಚಮಚ ಹಿಡಿದ್ರ ತಾಸಿದಷ್ಟು ಗಟ್ಟಿ. ನಿದ್ದಿಗಣ್ಣಿನಾಗ ತಿನಸೂದಿಲ್ಲ. ಮಧ್ಯಾಹ್ನ ಮೆತ್ತನ ಅನ್ನ, ಹೆಸರಬ್ಯಾಳಿ, ಒಂದೀಟು ಕುಂಬಳಕಾಯಿ ಹಿಚುಕಿ, ಮ್ಯಾಲೆ ತುಪ್ಪ. ಸಂಜಿಗೆ ಮನಸಿದ್ರ ಬಾಳಿಹಣ್ಣು. ಕೂಡಿಸಿ ಚಮಚದಲೇ ಕೊಡೂದು, ಮಾರಿ ತಿರುವಿದ್ರ ಬಟ್ಟಲ ತಗದಿಡೂದು. ಒಂದಿನ ಅರ್ಧ ಬಟ್ಟಲ, ಒಂದಿನ ನಾಕು ಚಮಚ. ಉಪ್ಪು, ಸಕ್ಕರಿ ಒಂದು ವರ್ಷದ ತನಕ ಬ್ಯಾಡ ಅಂತ ನಿರ್ಧಾರ ಮಾಡೀವಿ. ಜೇನುತುಪ್ಪ ಅಂತೂ ವರ್ಷದೊಳಗ ನಾಲಿಗಿಗೆ ಹಚ್ಚಲೇಬ್ಯಾಡ್ರಿ, ನಂಜಾಗಿ ಕೂಸಿನ ಜೀವಕ್ಕ ಬರಬಹುದು. ನಾವೆಲ್ಲಾ ಹಚ್ಚೀವಿ, ಖರೇ, ನಮ್ಮ ನಸೀಬು ಛಲೋ ಇತ್ತು ಅಷ್ಟ.

ಮಲಗೋ ಮುಂದ ದೀಪ ಸಣ್ಣ ಮಾಡಿ, ಟೀವಿ ಬಂದ್ ಮಾಡಿ, ಬರೇ ಅವ್ವನ ಹಾಲು. ಟೀವಿಗೆ ನಮ್ಮ ಮನಿಯವರು ಎರಡು ದಿನ ಸಿಟ್ಟಾಗಿದ್ರು.

ಇಷ್ಟಾದ್ರೂ ಕೂಸು ಇನ್ನೂ ಎರಡು ಸಲ ಏಳ್ತದ ವೈನಿ. ಹಾಲು ಕುಡದ ಮ್ಯಾಲೂ ಮಲಗದಿದ್ರ ನಾನು ಎತ್ತಿಕೊಂಡು ಪಡಸಾಲಿಗೆ ಬರ್ತೀನಿ, ಸೊಸಿ ಬೆನ್ನು ಚಾಚ್ತಾಳ. ಮುಂಜಾನೆ ಆಕಿಗೆ ಆಫೀಸಿರ್ತದ, ನಂಗೇನು, ಮಧ್ಯಾಹ್ನ ಮೊಮ್ಮಗಳ ಜೋಡಿ ಮಲಕೊಂಡ್ರಾತು.